ಮಮ್ಮು ಬರೆದ ಹಾವುಗಳು

ಎಪ್ರಿಲ್ 5, ಭಾನುವಾರ

ಈ ಡೈರಿ ಬೆಳ್ತಂಗಡಿಯ ಚಿನ್ನದ ಅಂಗಡಿಯಲ್ಲಿ ಕೊಟ್ಟದ್ದು. ನಾವು ಅಲ್ಲಿ ಚಿನ್ನವನ್ನೇನೂ ಕೊಂಡಿರಲಿಲ್ಲ. ನನ್ನ ಹೆಂಡತಿ ನೀಲಾವತಿಯ ಮೂಗುತಿಯ ತಿರುಪು ಸಡಿಲವಾಗಿತ್ತು, ಸರಿಮಾಡಿಸಲು ಹೋಗಿದ್ದೆವು. ಅಲ್ಲಿನ ಹುಡುಗಿಯರನ್ನು ನಗಿಸಿ ನಗಿಸಿ ಒಂದು ಡೈರಿ, ಒಂದು ಕ್ಯಾಲೆಂಡರ್ ಹಿಡಿದುಕೊಂಡು ಬಂದೆ. ಅಂದಿನಿಂದ ಇದು ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಇವತ್ತು ನೀಲಾವತಿ ತಂದು ನನ್ನ ಮುಂದೆ ಹಾಕಿದಳು.

"ನಿಮ್ಮ ಮಾತಿಗೆ ನಾನು ಕಟ್ಟುವ ಬೀಡಿಯ ಲೆಕ್ಕ ತಪ್ತದೆ. ಹೇಳ್ಲಿಕ್ಕೆ ಉಂಟಾದ್ರೆ ಇದಕ್ಕೆ ಹೇಳಿ. ಇದು ಎದ್ದು ಹೋಗುದಿಲ್ಲ."

ನಿಜ, ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಮೂಡಬಿದ್ರೆ, ಬಂಟ್ವಾಳ, ಬೆಳ್ತಂಗಡಿ ಎಂದು ಕೂಗಿಕೊಂಡು ಬಸ್ಸಿನ ಬಾಗಿಲಲ್ಲಿ ನೇತಾಡಿಯೇ ಪ್ರಾಯ ಹೋಯಿತು. ಕಂಡಕ್ಟರ್ ಜತ್ತಪ್ಪನ ತಮಾಷೆ ಕೇಳಲೆಂದು ಒಂದು ಬಸ್ಸು ಬಿಟ್ಟು ನಮ್ಮ ಬಸ್ಸಿಗೆ ಕಾಯುವವರಿದ್ದರು. ಕಳೆದ ವರ್ಷ ಮೊಣಕಾಲು ಕೈಕೊಟ್ಟಿತು. ಡಾಕ್ಟ್ರು ಫುಟ್‌ಬೋರ್ಡಿಗೆ ಹತ್ತಬೇಡಿ ಎಂದರು. ಕಾಲು ನಿಂತರೂ ಬಾಯಿ ನಿಲ್ಲಲಿಲ್ಲ. ಅದಕ್ಕೇ ಮಕ್ಕಳಿಗೆ ಆಟ ಮಾಡಿಕೊಡುವ ಈ ವ್ಯಾಪಾರ.

ವ್ಯಾಪಾರಕ್ಕೆ ನಾವು ಇಬ್ಬರು. ಬಾಯಿ ನನ್ನದು, ಕೈ ಮಮ್ಮುವಿನದು. ಮಮ್ಮು ಮಸೀದಿ ಬದಿಯ ಬ್ಯಾರಿಗಳ ಹುಡುಗ, ನನ್ನ ಜೊತೆ ನಾಲ್ಕನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಒಂದು ಕಾಲಕ್ಕೆ ಪುಂಜಾಲಕಟ್ಟೆಯ ಅಂಗಡಿಗಳ ಬೋರ್ಡೆಲ್ಲ ಅವನ ಅಕ್ಷರ. ಆಮೇಲೆ ಫ್ಲೆಕ್ಸ್ ಬಂತು, ಮಮ್ಮುವಿನ ಬ್ರಷ್ ಒಣಗಿತು. ಹೋದ ಮಳೆಗಾಲದಲ್ಲಿ ನಾನೇ ಅವನ ತಲೆ ತಿಂದು ಒಂದು ದೊಡ್ಡ ಕ್ಯಾನ್ವಾಸ್ ಬಟ್ಟೆಯ ಮೇಲೆ ಅ ಆ ಇ ಈ ಬರೆಸಿದೆ. ಮಕ್ಕಳು ಒಂದಕ್ಷರದಿಂದ ಇನ್ನೊಂದಕ್ಕೆ ಹಾರಿ ಶಬ್ದ ಮಾಡಬೇಕು. 'ಬದನೆ' ಮಾಡುವಷ್ಟರಲ್ಲಿ ಮಕ್ಕಳಿಗೆ ಬೆವರು ಬರುತ್ತದೆ. ಅಂಗನವಾಡಿಯ ಟೀಚರುಗಳಿಗೆ ಅದು ಭಾರಿ ಇಷ್ಟವಾಯಿತು. ಮಕ್ಕಳು ಆಮೇಲೆ ಚೆನ್ನಾಗಿ ನಿದ್ದೆ ಮಾಡುತ್ತಾರಂತೆ.

ಇವತ್ತು ಮೂಡಬಿದ್ರೆಯ ರಂಜಿತ್ ಸರ್ ಫೋನ್ ಮಾಡಿದರು. ಅವರದು ಬೇಸಿಗೆ ಶಿಬಿರ ನಡೆಸುವ ಕೆಲಸ. "ಜತ್ತಪ್ಪಣ್ಣ, ಅರ್ಧ ಓದು ಅರ್ಧ ಓಟ, ಅಂಥ ಒಂದು ಆಟ ಬೇಕು. ದೊಡ್ಡದು. ಒಳ್ಳೆದಾದ್ರೆ ಎಲ್ಲ ಶಿಬಿರಕ್ಕೂ ನಿಮ್ಮದೇ."

ಯೋಚನೆ ಮಾಡುವ ಮೊದಲೇ ಬಾಯಿ ಹೇಳಿತು: "ಹಾವು ಏಣಿ ಸರ್! ನೆಲಕ್ಕೆ ಹಾಸುವುದು. ಮಕ್ಕಳೇ ಕಾಯಿ. ಏಣಿ ಹತ್ತಬೇಕಾದ್ರೆ ಲೆಕ್ಕಕ್ಕೆ ಉತ್ತರ ಹೇಳಬೇಕು."

ಸಂಜೆ ಮಮ್ಮುವಿನ ಮನೆಗೆ ಓಡಿದೆ. ಅವನು ಜಗಲಿಯಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದ. ಕೆಲಸ ಇದ್ದರೂ ಇಲ್ಲದಿದ್ದರೂ ಅವನು ಬ್ರಷ್ ತೊಳೆಯುತ್ತಾನೆ.

"ಹಾವಿನ ಮೇಲೆ ಮಕ್ಕಳು ನಡೆಯುದಾ?" ಎಂದ.

"ಮತ್ತೆಂತ, ಹಾರಿಕೊಂಡು ಹೋಗುದಾ?"

"ಹಾಗಾದ್ರೆ ಹೆಡೆ ಬೇಡ ಜತ್ತು. ಕೇರೆ ಹಾವು ಬರೀತೇನೆ, ಹಸಿರು ಹಾವು ಬರೀತೇನೆ. ಹೆಡೆ ಬಿಚ್ಚಿದ್ದು ಬೇಡ. ಮಕ್ಕಳು ಮೆಟ್ಟುವಂಥದ್ದು."

"ಕೇರೆ ಹಾವಿಗೆ ಯಾರು ಮಾರಾಯ ಹೆದರುದು? ಅದು ಬಂದ್ರೆ ನಮ್ಮ ಮನೆಯ ಹೇಂಟೆ ಕೋಳಿಯೂ ಏಳುದಿಲ್ಲ. ಹೆಡೆ ಬೇಕು. ನೋಡಿದ ಕೂಡ್ಲೇ ಮಕ್ಕಳು ಅಮ್ಮಾ ಅನ್ನಬೇಕು."

"ನೀವು ನಾಗನಿಗೆ ತಂಬಿಲ ಕೊಟ್ಟು ಪೂಜೆ ಮಾಡುವವರು. ನಾನು ಹೇಳಿಕೊಡ್ಬೇಕಾ ನಿಂಗೆ?"

"ಅದು ಬನದಲ್ಲಿರುವ ನಾಗ. ಇದು ಆಟದ್ದು. ನಿಂಗೆ ಹೆಡೆ ಬರೀಲಿಕ್ಕೆ ಬರುದಿಲ್ಲ ಅಂತ ಹೇಳು. ನಾನು ಫ್ಲೆಕ್ಸಿನವನ ಹತ್ರ ಹೋಗ್ತೇನೆ."

ಫ್ಲೆಕ್ಸ್ ಎಂದರೆ ಸಾಕು, ಮಮ್ಮುವಿಗೆ ಮೈ ಉರಿಯುತ್ತದೆ. ಬ್ರಷ್ಷಿನ ನೀರು ಕೊಡವಿ, "ಎಷ್ಟು ಹಾವು?" ಎಂದ. ಗೆದ್ದೆ!

ಎಪ್ರಿಲ್ 10, ಶುಕ್ರವಾರ

ಮಮ್ಮುವಿನ ಅಂಗಳದಲ್ಲಿ ಬಟ್ಟೆ ಹಾಸಿಯಾಗಿದೆ. ನೂರು ಮನೆ, ಮನೆಗೂ ಮನೆಗೂ ನಡುವೆ ಒಂದು ಅಗಲದ ಓಣಿ. ಓಣಿ ಯಾಕೆ ಎಂದೆ. "ಮಕ್ಕಳ ಕಾಲು ಕಾಲಿಗೆ ತಾಗದ ಹಾಗೆ" ಎಂದ. ಸರಿ ಎಂದೆ.

ಹಾವು ಬರೆಯುವ ಮೊದಲು ಆಸುಪಾಸಿನ ಮಕ್ಕಳನ್ನು ಕರೆದು ಆಡಿಸಿ ನೋಡಿದೆ. ಹಾವಿನ ಜಾಗದಲ್ಲಿ ಬಾವಿಯ ಹಗ್ಗ ಹಾಸಿದೆವು. ಆಟೋದ ಸೀಟು ಹೊಲಿಯುವವನ ಹತ್ತಿರ ಸ್ಪಂಜಿನ ದಾಳ ಮಾಡಿಸಿದ್ದೆ, ಒಂದು ಕಾಲುಮಣೆಯಷ್ಟು ದೊಡ್ಡದು. ಮಕ್ಕಳು ದಾಳವನ್ನು ಹಾಕುವುದಕ್ಕಿಂತ ಅದರ ಮೇಲೆ ಕೂರುವುದೇ ಹೆಚ್ಚು. ಒಬ್ಬನು ಹಾವು ಸಿಕ್ಕಿ ಕೆಳಗೆ ಬಂದವನು ಅಳಲು ಸುರು ಮಾಡಿದ. ಅಳುವವನಿಗೆ ಒಂದು ದಾರಿ ಬೇಕಲ್ಲ? ಅಲ್ಲೇ ಒಂದು ಕಾನೂನು ಮಾಡಿದೆ. ಕೆಳಗೆ ಬಂದವನು ಒಂದು ಒಗಟು ಹೇಳಬೇಕು, ಯಾರಿಗೂ ಬಿಡಿಸಲು ಆಗದಿದ್ದರೆ ಅವನು ಮೊದಲು ಇದ್ದ ಮೇಲಿನ ಮನೆಗೇ ವಾಪಸ್. ಆಮೇಲೆ ಎಲ್ಲರೂ ಹಾವಿಗಾಗಿಯೇ ಕಾದರು. ಅಳುತ್ತಿದ್ದವನು ಹೇಳಿದ ಒಗಟು ನನಗೂ ಬರಲಿಲ್ಲ.

"ಹಗ್ಗವೇ ಸಾಕಲ್ವಾ ಜತ್ತು?" ಎಂದ ಮಮ್ಮು.

"ಹಗ್ಗ ತೋರಿಸಿದ್ರೆ ರಂಜಿತ್ ಸರ್ ನನ್ನನ್ನೇ ಬಾವಿಗೆ ಇಳಿಸ್ತಾರೆ."

ಅವನ ಹೆಂಡತಿ ಶಹರ್ಬಾನು ಚಹಾ ತಂದವಳು ನಕ್ಕಳು. ಮಮ್ಮು ನಗಲಿಲ್ಲ. ಅವನು ನಗುವುದು ಯಾವಾಗಲೂ ಕಡಿಮೆ.

ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಅವನು ಒಂದೊಂದು ಹುರುಪೆಯನ್ನೂ ಬಿಡಿಬಿಡಿಯಾಗಿ ಬರೆಯುತ್ತಾನೆ. ನಾನು ಪೇಟೆಗೆ ಹೋಗಿ ಬರುತ್ತೇನೆ, ಅಷ್ಟರಲ್ಲಿ ಒಂದು ಹಾವಿನ ಬಾಲ ಆಗಿರುತ್ತದೆ. ಅವನ ಹಾವುಗಳು ನೆಟ್ಟಗೆ ಹೋಗುವುದೂ ಇಲ್ಲ, ಬಂಟ್ವಾಳ ಪೇಟೆಯ ರಸ್ತೆಯ ಹಾಗೆ ಓಣಿ ಓಣಿ ಸುತ್ತಿಕೊಂಡು ಹೋಗುತ್ತವೆ. "ಸಣ್ಣ ದಾರಿ ಗೊತ್ತಿಲ್ವಾ ಇವಕ್ಕೆ?" ಎಂದು ಕೇಳಿದೆ. ಅವನು ಬ್ರಷ್ಷನ್ನು ಪೈಂಟಿಗೆ ಅದ್ದಿದ.

ಎಪ್ರಿಲ್ 18, ಶನಿವಾರ

ಏನೆಲ್ಲ ಆಯಿತು ಮಾರಾಯ ಇವತ್ತು!

ಬಟ್ಟೆಯನ್ನು ಮಡಚಿದರೆ ಪೈಂಟ್ ಒಡೆಯುತ್ತದೆ. ಆದ್ದರಿಂದ ಪೈಪಿಗೆ ಸುತ್ತಿ, ಬಸ್ಸಿನ ಟಾಪಿನಲ್ಲಿ ಕಟ್ಟಿ ಮೂಡಬಿದ್ರೆಗೆ ಒಯ್ದೆ. ಮಮ್ಮು ಬರಲಿಲ್ಲ, ಜನರ ಮುಂದೆ ನಿಲ್ಲುವುದೆಂದರೆ ಅವನಿಗೆ ಆಗುವುದಿಲ್ಲ. ಶಿಬಿರದ ಹಾಲ್‌ನಲ್ಲಿ ಬಿಡಿಸಿದಾಗ ರಂಜಿತ್ ಸರ್ "ಅಬ್ಬಾ" ಎಂದರು. ಮಕ್ಕಳು "ಅಮ್ಮಾ" ಎಂದರು. ಹೆಡೆಗಳು ಅಷ್ಟು ಜೀವಂತ. ಕಣ್ಣು ನೋಡಿದರೆ ಈಗ ಬುಸ್ ಎನ್ನುತ್ತದೆ ಎಂದು ತೋರುತ್ತದೆ.

ಆಟ ಸುರುವಾಯಿತು. ನಾನು ಬಸ್ಸಿನಲ್ಲಿ ಕೂಗಿದ ಹಾಗೆ ಕೂಗಿದೆ. "ಹಾವು ಸಿಕ್ಕಿದವರು ಅದರ ಮೇಲೆಯೇ ನಡೆದು ಬಾಲದವರೆಗೆ ಇಳಿಯಬೇಕು, ಜಂಪ್ ಮಾಡಿದ್ರೆ ಫೈನ್!" ಸಾತ್ವಿಕಾ ಎಂಬ ಪುಟ್ಟ ಹುಡುಗಿಗೆ ಮೊದಲ ಹಾವು ಸಿಕ್ಕಿತು. ಅವಳು ಅಲ್ಲೇ ನಿಂತಳು.

"ನಾನು ಮೆಟ್ಟುದಿಲ್ಲ. ಅದು ನಾಗ ದೇವರು."

ಅಷ್ಟು ಹೇಳಿ ಕೈ ಮುಗಿದಳು. ಹಿಂದೆ ಇದ್ದವನೂ ಕೈ ಮುಗಿದ. ಅವನ ಹಿಂದಿನವಳೂ ಮುಗಿದಳು. ಒಂದು ಗಳಿಗೆಯಲ್ಲಿ ಎಲ್ಲ ಮಕ್ಕಳೂ ಸಾಲಾಗಿ ನಿಂತರು. ಒಬ್ಬನಂತೂ ಕಾಣಿಕೆ ಹಾಕಲು ಚಡ್ಡಿಯ ಕಿಸೆ ಹುಡುಕಿದ. ನನ್ನ ಆಟ ಹೋಗಿ ದರ್ಶನ ಆಯಿತು.

ಸಾತ್ವಿಕಾಳ ಅಜ್ಜಿ ಅವಳನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲಿ ನಿಂತಿದ್ದರು. ಜೋರಾಗಿ ಹೇಳಲಿಲ್ಲ. "ಮಗಾ, ಅದನ್ನು ಮೆಟ್ಟಿಸುದು ಉಂಟಾ?" ಎಂದರು. ಇನ್ನು ಕೆಲವು ಅಪ್ಪ ಅಮ್ಮಂದಿರು ಹತ್ತಿರ ಬಂದರು. ಒಬ್ಬರು "ಯಾರು ಇದನ್ನು ಬರೆದದ್ದು?" ಎಂದು ಕೇಳಿದರು. ರಂಜಿತ್ ಸರ್ ನನ್ನ ಕಡೆಗೆ ನೋಡಿದರು.

ಅಂಥ ಹೊತ್ತಿಗೆ ಜತ್ತಪ್ಪನ ಬಾಯಿಯೇ ಬೇಕು. ಹೇಳಿಯೇ ಬಿಟ್ಟೆ.

"ನಮ್ಮ ಮಮ್ಮು ಬ್ಯಾರಿ ಬರೆದದ್ದು! ನಾನು ಹಗ್ಗ ಬರಿ ಅಂತ ಹೇಳಿದ್ದೆ, ಪುಣ್ಯಾತ್ಮ ನಾಗನನ್ನೇ ಬರೆದು ಕೊಟ್ಟ. ಈಗ ಮೆಟ್ಟದಿದ್ರೆ ಆಟ ಇಲ್ಲ, ಮೆಟ್ಟಿದ್ರೆ ನಾನಿಲ್ಲ!"

ಹಾಲ್ ಇಡೀ ನಕ್ಕಿತು. ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಕ್ಕರು. ಕೂಡಲೇ ಬಟ್ಟೆ ಸುತ್ತಿ, ಅಕ್ಷರದ ಬಟ್ಟೆ ಹಾಸಿ ಹೇಗೋ ದಿನ ದಾಟಿಸಿದೆ. ಬಚಾವ್! ಹೊಡೆತ ಬೀಳುವ ಜಾಗದಲ್ಲಿ ಚಪ್ಪಾಳೆ ಬಿತ್ತು.

ಬಸ್ಸಿನಲ್ಲಿ ಬರುವಾಗ ಮಾತ್ರ ಯಾಕೋ ಹಸಿವಾಗಲಿಲ್ಲ. ಬಿಸಿಲು ಇರಬೇಕು.

ಎಪ್ರಿಲ್ 19, ಭಾನುವಾರ

ನಮ್ಮ ಊರಿನ ಹುಡುಗ ಭವಿತ್ ಆ ಶಿಬಿರದಲ್ಲಿ ಕರಾಟೆ ಕಲಿಸುತ್ತಾನೆ. ಅವನು ನನ್ನ ಮಾತನ್ನು ವಿಡಿಯೋ ಮಾಡಿ 'ಜತ್ತಪ್ಪಣ್ಣನ ಕಾಮಿಡಿ' ಎಂದು ಸ್ಟೇಟಸ್ ಹಾಕಿದ್ದಾನೆ! ಪೇಟೆಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದವರೆಲ್ಲ ತೋರಿಸಿ ತೋರಿಸಿ ನಕ್ಕರು. ಎರಡು ಸಲ ನನ್ನಿಂದ ಹೇಳಿಸಿದರು. ಬೆಳ್ತಂಗಡಿಯಿಂದ ಹಳೇ ಡ್ರೈವರ್ ಫೋನ್ ಮಾಡಿ ನಕ್ಕ.

ನೀಲಾವತಿಗೂ ತೋರಿಸಿದೆ. ನೋಡಿದಳು. ಬೀಡಿಯ ತುದಿ ಮಡಚಿದಳು.

"ಮಮ್ಮಣ್ಣ ನೋಡಿದ್ರಾ ಇದನ್ನು?"

"ಅವನಿಗೆ ನನ್ನ ತಮಾಷೆ ಗೊತ್ತುಂಟು."

ಅವಳು ಇನ್ನೊಂದು ಮಾತು ಹೇಳಿದಳು. ಆ ಬಟ್ಟೆಯನ್ನು ಮನೆಯೊಳಗೆ ತರಬಾರದಂತೆ. ಸುಡಬಾರದು, ಕತ್ತರಿಸಬಾರದು, ಮಂಚದ ಕೆಳಗೂ ಇಡಬಾರದು. ಹಾಗಾದರೆ ಎಲ್ಲಿ ಇಡುವುದು? ಹೊರಗೆ ಜಗಲಿಯ ಮಾಡಿನ ಅಡ್ಡಮರಕ್ಕೆ ಕಟ್ಟಿ ತೂಗಿಸಿದ್ದೇನೆ. ಮನೆಗೆ ಬರುವ ಹೋಗುವ ಹೊತ್ತಿಗೆಲ್ಲ ತಲೆಗೆ ತಾಗುತ್ತದೆ.

ಎಪ್ರಿಲ್ 22, ಬುಧವಾರ

ಮಮ್ಮು ಫೋನ್ ತೆಗೆಯುವುದಿಲ್ಲ. ಜ್ವರ ಇರಬೇಕು.

ರಂಜಿತ್ ಸರ್ ಹಾವು ಏಣಿ ಬೇಡ ಎಂದರು, ಬೇರೆ ಎಂತಾದರೂ ಇದ್ದರೆ ಹೇಳಿ ಎಂದರು. ತಲೆಯಲ್ಲಿ ಒಂದೂ ಆಟ ಬರುವುದಿಲ್ಲ. ಗೇರುಬೀಜ ಲೆಕ್ಕದ ಆಟ ಎಂದು ಬರೆದೆ, ಹೊಡೆದು ಹಾಕಿದೆ. ಕಣ್ಣಿಗೆ ಬಟ್ಟೆ ಕಟ್ಟಿ ವಾಸನೆ ಹೇಳುವ ಆಟ ಎಂದು ಬರೆದೆ, ಅದನ್ನೂ ಹೊಡೆದು ಹಾಕಿದೆ.

ಭವಿತ್‌ನ ವಿಡಿಯೋ ಈಗ ಎಲ್ಲೆಲ್ಲೋ ಹೋಗಿದೆ. ಯಾರೋ ಅದನ್ನು ತುಂಡು ಮಾಡಿದ್ದಾರೆ. ಈಗ ಅದರಲ್ಲಿ ನಗು ಇಲ್ಲ. ಹೆಡೆಯ ಚಿತ್ರ ಉಂಟು, ಸಾತ್ವಿಕಾ ಕೈ ಮುಗಿಯುವುದು ಉಂಟು, ನನ್ನ ಸ್ವರದಲ್ಲಿ "ಮಮ್ಮು ಬ್ಯಾರಿ ಬರೆದದ್ದು" ಎಂಬಷ್ಟೇ ಉಂಟು. ಕೆಳಗೆ ಕೆಂಪು ಅಕ್ಷರದಲ್ಲಿ ಏನೇನೋ ಬರೆದಿದ್ದಾರೆ. ಪೂರ್ತಿ ಓದಲಿಲ್ಲ.

ಎಪ್ರಿಲ್ 24, ಶುಕ್ರವಾರ

ಮಮ್ಮುವಿನ ಮನೆಗೆ ಹೋಗಿದ್ದೆ. ಶಹರ್ಬಾನು ಬಾಗಿಲಿಗೆ ಬಂದಳು. "ಇಲ್ಲ ಜತ್ತಪ್ಪಣ್ಣ, ಬೆಳ್ತಂಗಡಿಗೆ ಹೋಗಿದ್ದಾರೆ" ಎಂದಳು. ಮೆಟ್ಟಿಲಲ್ಲಿ ಅವನ ಚಪ್ಪಲಿ ಇತ್ತು.

"ಚಪ್ಪಲಿ ಬಿಟ್ಟು ಹೋಗಿದ್ದಾನಾ? ಹಾಗಾದ್ರೆ ಹಾರಿಕೊಂಡೇ ಹೋಗಿರ್ಬೇಕು" ಎಂದೆ.

ಯಾವಾಗಲೂ ನಗುವವಳು. ಇವತ್ತು ಬಾಗಿಲ ಚಿಲಕವನ್ನೇ ನೋಡುತ್ತಾ ನಿಂತಳು. ಚಹಾ ಕುಡಿ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ವಾಪಸ್ ಬರುವಾಗ ಭಜನಾ ಮಂದಿರದ ಹತ್ತಿರ ಶಂಭಣ್ಣ ಸಿಕ್ಕಿದರು. ಅವರೇ ಮಂದಿರದ ಅಧ್ಯಕ್ಷರು. ಮೇ ತಿಂಗಳಲ್ಲಿ ಏಕಾಹ ಭಜನೆ, ಒಂದು ಹಗಲು ಒಂದು ರಾತ್ರಿ ನಿಲ್ಲಿಸದೆ. ಅದಕ್ಕೆ ಮೊದಲು ಮಂದಿರದ ಬೋರ್ಡಿಗೆ ಹೊಸ ಪೈಂಟ್ ಕೊಡುವುದು ಪ್ರತಿ ವರ್ಷ ಮಮ್ಮು. ಅವನ ಅಪ್ಪನ ಕಾಲದಿಂದ ಹಾಗೆಯೇ. ಫ್ಲೆಕ್ಸ್ ಬಂದ ಮೇಲೂ ಆ ಒಂದು ಬೋರ್ಡನ್ನು ಯಾರೂ ಮಮ್ಮುವಿನಿಂದ ಕಸಿದಿರಲಿಲ್ಲ.

"ಈ ಸಲ ಫ್ಲೆಕ್ಸ್ ಮಾಡಿಸುವ ಅಂತ ಜತ್ತಪ್ಪ" ಎಂದರು. "ನಂಗೆ ಎಂತದೂ ಇಲ್ಲ. ಆದ್ರೆ ಹುಡುಗರು ಮಾತಾಡ್ತಾರೆ. ಹೀಗಿರುವಾಗ ಮಮ್ಮುವನ್ನು ಕರೆಯುದು ಬೇಡ ಅಂತ. ಅವನಿಗೂ ಹೇಳಿ ಕಳಿಸಿದೆ."

"ಯಾವಾಗ ಹೇಳಿದ್ದು?"

"ಸೋಮವಾರ."

ನಾನು ಏನೋ ಒಂದು ತಮಾಷೆ ಹೇಳಿದೆ. ಏನೆಂದು ಈಗ ನೆನಪಿಲ್ಲ. ಶಂಭಣ್ಣ ನಕ್ಕರು.

ಎಪ್ರಿಲ್ 25, ಶನಿವಾರ

ಮೂಡಬಿದ್ರೆಗೆ ಹೋಗಿ ಬಂದೆ. ಕೆಲಸ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಬದಿ ಕೂತಿದ್ದೆ. ಕಂಡಕ್ಟರ್ "ಜತ್ತಪ್ಪಣ್ಣ, ಆ ನಾಗನದ್ದು ಒಮ್ಮೆ ಹೇಳಿ" ಎಂದ. ಗಂಟಲು ಸರಿ ಇಲ್ಲ ಎಂದೆ.

ಎಪ್ರಿಲ್ 28, ಮಂಗಳವಾರ

ಇವತ್ತು ನೀಲಾವತಿ ಎಲೆ ತಂಬಾಕು ತುಂಬಿದ ಬೀಡಿಯ ತಡ್ಪೆ ಮೊರವನ್ನು ಮಡಿಲಿನಿಂದ ಕೆಳಗಿಟ್ಟಳು. ಕೆಲಸದ ಹೊತ್ತಿಗೆ ಅವಳು ಅದನ್ನು ಕೆಳಗಿಡುವವಳಲ್ಲ.

"ಹೆಡೆ ಬೇಡ ಅಂತ ಮಮ್ಮಣ್ಣ ಹೇಳಿದ್ರು ಅಂತ ನೀವೇ ನಂಗೆ ಹೇಳಿದ್ರಿ. ಆ ದಿನ ಗೆದ್ದೆ ಅಂತ ನಗಾಡಿಕೊಂಡು ಬಂದದ್ದು ಯಾರು?"

"ನಾನು ಅಲ್ಲಿ ಜನರನ್ನು ಸಮಾಧಾನ ಮಾಡ್ಲಿಕ್ಕೆ..."

"ಅಲ್ಲಿ ಇದ್ದವರಿಗೆ ಸಮಾಧಾನ ಆಯ್ತು. ಇಲ್ಲಿ ಇದ್ದವರಿಗೆ?"

ನಾನು ಹೊರಗೆ ಹೋಗಿ ನಿಂತೆ. ಬಟ್ಟೆ ಹಣೆಗೆ ಬಡಿಯಿತು. ದನದ ಹಟ್ಟಿಯವರೆಗೆ ಹೋದೆ, ವಾಪಸ್ ಬಂದೆ. ಪುನಃ ಹೋದೆ.

ಮೇ 1, ಶುಕ್ರವಾರ

ಈ ಬಟ್ಟೆಯೇ ಇಲ್ಲದ ಹಾಗೆ ಮಾಡಿಬಿಡುವ ಎಂದು ಬೆಳಿಗ್ಗೆ ಯೋಚನೆ ಬಂತು. ನೀಲಾವತಿ ಸುಡಲು ಬಿಡುವುದಿಲ್ಲ, ಕತ್ತರಿಸಲು ಬಿಡುವುದಿಲ್ಲ. ಬಿಳಿ ಪೈಂಟ್ ಬಳಿದರೆ? ದೇವಸ್ಥಾನದ ಭಟ್ಟರನ್ನು ಕೇಳಿದೆ. ಅವರು ಅಡಕೆ ತುಂಡು ಮಾಡುತ್ತಾ ಹೇಳಿದರು, "ಪೂಜೆ ಮಾಡಿದ್ದಲ್ಲ, ಪ್ರತಿಷ್ಠೆ ಆದದ್ದಲ್ಲ. ಕೈ ಮುಗಿದು ಬಳಿ. ದೋಷ ಬಟ್ಟೆಯಲ್ಲಿ ಇಲ್ಲ ಮಾರಾಯ."

ಅಂಗಳದಲ್ಲಿ ಬಿಡಿಸಿದೆ. ಮೊಣಕಾಲು ಊರಲು ಆಗುವುದಿಲ್ಲ, ಗೋಣಿ ಹಾಕಿ ಒಂದು ಬದಿಗೆ ಕೂತೆ. ಮೊದಲು ಒಂದು ಬಾಲಕ್ಕೆ ಬಳಿದೆ. ಅದು ಓಣಿಯಲ್ಲಿ ಹೋಗುತ್ತಿತ್ತು. ಬ್ರಷ್ ಅದರ ಹಿಂದೆಯೇ ಹೋಯಿತು, ಎಡಕ್ಕೆ, ಮೇಲಕ್ಕೆ, ಬಲಕ್ಕೆ. ಆಟದ ಮನೆಗಳ ಒಳಗೆ ಎಲ್ಲಿಯೂ ಬಿಳಿ ಬಳಿಯಬೇಕಾಗಲಿಲ್ಲ. ಹೆಡೆಯವರೆಗೂ ಹೋದೆ. ಹೆಡೆಯೂ ಓಣಿಯಲ್ಲೇ ಇತ್ತು.

ಇನ್ನೊಂದು ಹಾವು ನೋಡಿದೆ. ಅದೂ ಹಾಗೆಯೇ. ಎಲ್ಲವನ್ನೂ ನೋಡಿದೆ. ಒಂದು ಹಾವಾದರೂ ಮಕ್ಕಳು ಕಾಲಿಡುವ ಮನೆಯೊಳಗೆ ಬಂದಿಲ್ಲ. ಹೆಡೆಯ ಪಕ್ಕದ ಮನೆಯಲ್ಲಿ ಒಂದು ಕೆಂಪು ಬೊಟ್ಟು, ಬಾಲದ ಪಕ್ಕದ ಮನೆಯಲ್ಲಿ ಇನ್ನೊಂದು ಕೆಂಪು ಬೊಟ್ಟು. ಬೊಟ್ಟಿನಿಂದ ಬೊಟ್ಟಿಗೆ ಹೋಗಬೇಕು, ಅಷ್ಟೇ. ಹಾವನ್ನು ಮೆಟ್ಟಬೇಕಾಗಿಯೇ ಇಲ್ಲ. ಅದರ ಮೇಲೆಯೇ ನಡೆಯಬೇಕು ಎಂದು ಕೂಗಿದ್ದು ನಾನು.

ಹೆಡೆ ಬೇಕು ಎಂದು ನಾನು ಹಟ ಮಾಡಿದೆ. ಅವನು ನನ್ನ ಹಟವನ್ನೂ ನಡೆಸಿದ, ಹೆಡೆಗೆ ಕಾಲು ತಾಗದ ಹಾಗೆಯೂ ಮಾಡಿದ. ಒಂದು ಮಾತು ಹೇಳಲಿಲ್ಲ. ಅಥವಾ ಹೇಳಿದ್ದನೋ ಏನೋ. ನಾನು ಮಾತಾಡುತ್ತಿದ್ದೆ.

ಪೈಂಟಿನ ಡಬ್ಬ ಮುಚ್ಚಿದೆ.

ಮೇ 3, ಭಾನುವಾರ

ಸಂಜೆ ಮಂದಿರದಲ್ಲಿ ಏಕಾಹದ ಮೀಟಿಂಗ್. ಊರಿನವರೆಲ್ಲ ಇದ್ದರು, ಭವಿತನೂ ಇದ್ದ. ಶಂಭಣ್ಣ ಫ್ಲೆಕ್ಸಿನ ಮಾತು ತೆಗೆದಾಗ ನಾನು ಎದ್ದು ನಿಂತೆ.

"ಹೆಡೆ ಬರಿ ಅಂತ ಹೇಳಿದ್ದು ನಾನು. ಮಮ್ಮು ಬೇಡ ಅಂತ ಹೇಳಿದ್ದ. ಹಗ್ಗ ಬರಿ ಅಂತ ನಾನು ಹೇಳ್ಲೇ ಇಲ್ಲ, ಸುಳ್ಳು ಹೇಳಿದ್ದು."

ಎಲ್ಲರೂ ನಕ್ಕರು.

"ಮುಂದೆ ಹೇಳಿ ಜತ್ತಪ್ಪಣ್ಣ, ಮುಂದೆ ಎಂತಾಯ್ತು?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ತಮಾಷೆ ಅಲ್ಲ ಮಾರಾಯ್ರೇ. ನಿಜ ಹೇಳುದು."

ಇನ್ನೂ ಜೋರಾಗಿ ನಕ್ಕರು. ಒಬ್ಬ ಮೊಬೈಲ್ ಎತ್ತಿ ಹಿಡಿದ. ನನ್ನ ಮುಖವೇ ಹಾಗಿರಬೇಕು, ನಾನು ಅಳಲು ಹೊರಟರೂ ಜನ ನಗಲು ತಯಾರಾಗುತ್ತಾರೆ. ಅಲ್ಲಿ ಮಾತಾಡಿ ಪ್ರಯೋಜನ ಇರಲಿಲ್ಲ. ಹೊರಗೆ ಹೋಗಿ, ರಿಕ್ಷಾದಲ್ಲಿ ತಂದಿದ್ದ ಬಟ್ಟೆಯನ್ನು ಮಂದಿರದ ಅಂಗಳದಲ್ಲಿ ಬಿಡಿಸಿದೆ. ಆಗ ನಗು ನಿಂತಿತು. ಶಂಭಣ್ಣ "ಏ ಜತ್ತಪ್ಪ, ಇಲ್ಲಿ ಅದೆಲ್ಲ ಬೇಡ" ಎಂದು ಓಡಿ ಬಂದರು.

"ಭವಿತಾ, ನೀನು ಬಾ. ಚಪ್ಪಲಿ ಬಿಡು. ಒಂದರಿಂದ ನೂರರವರೆಗೆ ನಡಿ. ಕೆಂಪು ಬೊಟ್ಟು ಸಿಕ್ಕಿದಲ್ಲಿ ಇನ್ನೊಂದು ಬೊಟ್ಟಿಗೆ ಹೋಗು. ಹೆಡೆಗೆ ನಿನ್ನ ಕಾಲು ತಾಗಿದ್ರೆ ನನ್ನ ಕೆನ್ನೆಗೆ ಹೊಡಿ."

ಅವನು ಹೆದರಿ ಹೆದರಿ ನಡೆದ. ಮೊದಲು ಬೆರಳ ತುದಿಯಲ್ಲಿ, ಆಮೇಲೆ ಇಡೀ ಪಾದ ಊರಿ. ಎಲ್ಲರೂ ಅವನ ಕಾಲನ್ನೇ ನೋಡಿದರು. ಏಣಿ ಸಿಕ್ಕಿದಲ್ಲಿ ಹತ್ತಿದ, ಬೊಟ್ಟು ಸಿಕ್ಕಿದಲ್ಲಿ ಇಳಿದ. ನೂರು ಮುಟ್ಟಿದಾಗ ಅವನು ತಿರುಗಿ ಹಾವುಗಳನ್ನು ನೋಡಿದ. ಒಂದರ ಮೇಲೂ ಧೂಳು ಇರಲಿಲ್ಲ. ನಾನು ಬಿಳಿ ಬಳಿದ ಒಂದು ಮಾತ್ರ ಅಸಹ್ಯವಾಗಿ ಕಾಣುತ್ತಿತ್ತು.

"ತಾಗುದಿಲ್ಲ ಶಂಭಣ್ಣ" ಎಂದ ಭವಿತ್. "ಎಲ್ಲ ಓಣಿಯಲ್ಲೇ ಉಂಟು."

ಆಮೇಲೆ ನನ್ನನ್ನು ಕೇಳಿದ, "ಮತ್ತೆ ನೀವು ಆ ದಿನ ಮೆಟ್ಟಿ ಇಳೀಬೇಕು ಅಂದದ್ದು ಯಾಕೆ?"

"ನನ್ನ ಬಾಯಿ" ಎಂದೆ. ಈ ಸಲ ಯಾರೂ ನಗಲಿಲ್ಲ. ಮೊಬೈಲ್ ಹಿಡಿದಿದ್ದವನು ಅದನ್ನು ಕಿಸೆಗೆ ಹಾಕಿದ.

ಮೇ 4, ಸೋಮವಾರ

ಶಂಭಣ್ಣನೂ ನಾನೂ ಮಮ್ಮುವಿನ ಮನೆಗೆ ಹೋದೆವು. ಅವನು ಜಗಲಿಯಲ್ಲೇ ಇದ್ದ. ಶಂಭಣ್ಣ ಬೋರ್ಡಿನ ವಿಷಯ ಹೇಳಿದರು, ನಮ್ಮದು ತಪ್ಪಾಯಿತು ಎಂದರು. "ಬರ್ತೇನೆ ಶಂಭಣ್ಣ" ಎಂದ. ಶಹರ್ಬಾನು ಶಂಭಣ್ಣನಿಗೆ ಚಹಾ ತಂದಳು, 'ಇನ್ನೊಂದು ಗ್ಲಾಸ್ ತರುತ್ತೇನೆ' ಎಂದು ಒಳಗೆ ಹೋದಳು.

ಮಮ್ಮು ನನ್ನ ಕಡೆಗೆ ನೋಡಲಿಲ್ಲ.

"ನಂದು ತಪ್ಪಾಯ್ತು ಮಮ್ಮು" ಎಂದೆ.

"ಇದು ನಿಜವಾ, ತಮಾಷೆಯಾ? ನಂಗೆ ಗೊತ್ತಾಗುದಿಲ್ಲ" ಎಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ. ನಿಜವಾಗಿ ಕೇಳಿದ ಹಾಗಿತ್ತು. ಚಹಾ ಕುಡಿದು ಬಂದೆ.

ಮೇ 7, ಗುರುವಾರ

ರಂಜಿತ್ ಸರ್ ಪುನಃ ಫೋನ್ ಮಾಡಿದ್ದರು. ಭವಿತ್ ಅವರಿಗೆ ಓಣಿಯ ವಿಷಯ ಹೇಳಿದ್ದಾನೆ. ಹಾವಿನ ಬದಲು ಬೇರೆ ಚಿತ್ರ ಹಾಕಿ ಅದೇ ಆಟ ಮಾಡಿಕೊಡಬಹುದಾ ಎಂದು ಕೇಳಿದರು. ಚಾರ್ಮಾಡಿ ಘಾಟಿಯ ತಿರುವು ಬರೆದರೆ ಹೇಗೆ ಎಂದು ನನ್ನ ತಲೆಗೆ ಬಂತು. ಗುಡ್ಡ ಜರಿದಲ್ಲಿ ಸೀದಾ ಕೆಳಗೆ. ಮಮ್ಮುವನ್ನು ಕೇಳಿ ಹೇಳುತ್ತೇನೆ ಎಂದೆ.

"ನಿಮ್ಮದೇ ಅಲ್ವಾ ಐಡಿಯಾ?" ಎಂದರು ಸರ್.

"ಕೇಳಿ ಹೇಳ್ತೇನೆ ಸರ್."

ಮೇ 9, ಶನಿವಾರ

ಬೆಳಿಗ್ಗೆ ಮಂದಿರಕ್ಕೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಮಮ್ಮು ಏಣಿ ಇಟ್ಟು ಹತ್ತಲು ನೋಡುತ್ತಿದ್ದ, ನೆಲ ಸಮ ಇಲ್ಲದೆ ಏಣಿ ಅಲ್ಲಾಡುತ್ತಿತ್ತು. ಹೋಗಿ ಹಿಡಿದುಕೊಂಡೆ. ಬೇಡ ಎನ್ನಲಿಲ್ಲ. ಹತ್ತಿದ.

ಹಳೇ ಅಕ್ಷರಗಳನ್ನು ಉಜ್ಜಿದ, ನೀಲಿ ಹಿನ್ನೆಲೆ ಕೊಟ್ಟ, ಒಣಗಲು ಬಿಟ್ಟು ಇಳಿದು ಬಂದು ನನ್ನ ಹತ್ತಿರವೇ ಕೂತ. ಹತ್ತಿರ ಎಂದರೆ ನಡುವೆ ಒಬ್ಬ ಕೂರುವಷ್ಟು ಜಾಗ ಬಿಟ್ಟು. ಪುನಃ ಹತ್ತಿ ಅಕ್ಷರ ಸುರು ಮಾಡಿದ. ನಾನು ಏಣಿ ಹಿಡಿದು, ಅವನ ಹಿಮ್ಮಡಿ ನೋಡುತ್ತಾ ನಿಂತೆ. ಮೊಣಕಾಲು ನೋಯುತ್ತಿತ್ತು. ಬಾಯಿ ಬಿಡಲಿಲ್ಲ. ಹೀಗೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಮೇಲೆ ಬ್ರಷ್ ನಿಂತಿತು.

"ಎಂತ ಮಾರಾಯ, ಹೀಗೆ ಸುಮ್ಮನೆ ನಿಂತ್ರೆ ನಂಗೆ ಕೈ ನಡುಗ್ತದೆ. ಎಂತಾದ್ರೂ ಹೇಳು."

ಹುಡುಕಿದೆ. ಒಂದೂ ತಮಾಷೆ ನೆನಪಾಗಲಿಲ್ಲ.

"ಬಿಸಿಲು ಜೋರುಂಟು" ಎಂದೆ.

"ಉಂಟು" ಎಂದ. ಬ್ರಷ್ ಹೊರಟಿತು. "ಮುಂದೆ ಹೇಳು."